ಚೆಂಡು ಎಲ್ಲಿ ಬೀಳುತ್ತದೆ? ಮಲ್ಪೆಯ ಮರಳಿನಲ್ಲಿ ಮೂರು ಲೆಕ್ಕಗಳ ಹೋಲಿಕೆ

ಪಿಯುಸಿಯ ಪ್ರೊಜೆಕ್ಟೈಲ್ (ಎಸೆದ ವಸ್ತುವಿನ ಚಲನೆ) ಲೆಕ್ಕಗಳಲ್ಲಿ ‘ಗಾಳಿಯ ತಡೆಯನ್ನು ಕಡೆಗಣಿಸಿ’ ಎಂಬ ಮಾತು ಬಂದೇ ಬರುತ್ತದೆ. ಕಡೆಗಣಿಸದಿದ್ದರೆ ಎಷ್ಟು ವ್ಯತ್ಯಾಸವಾದೀತು ಎಂದು ತಿಳಿಯಲು ಮೂರು ಮಾದರಿಗಳನ್ನು ಎಕ್ಸೆಲ್‌ನಲ್ಲಿ ಕಟ್ಟಿದೆ: ಗಾಳಿಯೇ ಇಲ್ಲದ್ದು, ತಡೆ ವೇಗಕ್ಕೆ ತಕ್ಕಂತೆ ಏರುವ ರೇಖೀಯ ಮಾದರಿ, ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವ ವರ್ಗ ಮಾದರಿ. ಪರೀಕ್ಷೆಗೆ ಮಲ್ಪೆ ಬೀಚ್ ಆರಿಸಿಕೊಂಡೆ. ಕಡಲು ಇಳಿದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ಚೆಂಡು ಬಿದ್ದ ಗುರುತು ಸ್ಪಷ್ಟವಾಗಿ ಉಳಿಯುತ್ತದೆ, ಟೇಪ್ ಹಿಡಿದು ಅಳೆಯಬಹುದು. ಹೊರಟ ವೇಗ, ಕೋನಗಳಿಗೆ ಮೊಬೈಲಿನ ಸ್ಲೋ ಮೋಷನ್ ವಿಡಿಯೊ ಮತ್ತು ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶ ಸಾಕು.

ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ, ವ್ಯಾಸ 7.2 ಸೆಂ.ಮೀ., ತಡೆ ಗುಣಾಂಕ (ಆಕಾರಕ್ಕೆ ತಕ್ಕಂತೆ ಗಾಳಿ ಎಷ್ಟು ತಡೆಯುತ್ತದೆ ಎಂಬುದರ ಅಳತೆ) 0.45, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.15 ಕೆ.ಜಿ. ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, 45 ಡಿಗ್ರಿಯಲ್ಲಿ ಹೊಡೆದರೆ ಗಾಳಿಯಿಲ್ಲದ ಮಾದರಿ 92 ಮೀಟರ್ ಎನ್ನುತ್ತದೆ, ವರ್ಗ ಮಾದರಿ ಸುಮಾರು 64. ಮರಳಿನ ಮೇಲಿನ ಗುರುತುಗಳು ಪ್ರತಿ ಸಲವೂ ವರ್ಗ ಮಾದರಿಯ ಪಕ್ಕದಲ್ಲೇ ಇದ್ದವು. ದಾರಿಯ ಆಕಾರವೂ ಅದನ್ನೇ ಹೇಳುತ್ತದೆ. ವಿಡಿಯೊದಲ್ಲಿ ಕಾಣುವುದು ಎರಡೂ ಬದಿ ಸಮನಾದ ಪರವಲಯವಲ್ಲ. ಚೆಂಡು ಓರೆಯಾಗಿ ಏರಿ, ಕಡಿದಾಗಿ ಇಳಿಯುತ್ತದೆ.

ರೇಖೀಯ ಮಾದರಿಯ ಮೇಲೆ ನನಗೆ ತಕರಾರಿದೆ. ಅದಕ್ಕೆ ಚೊಕ್ಕ ಸೂತ್ರ ಸಿಗುತ್ತದೆ, ಕೈಯಲ್ಲೇ ಬಿಡಿಸಬಹುದು. ತರಗತಿಗಳಲ್ಲಿ ಅದು ಉಳಿದಿರುವುದು ಈ ಸಲುವಾಗಿಯೇ. ಆದರೆ ಅದರ ಸ್ಥಿರಾಂಕವನ್ನು ಎಲ್ಲಿಂದ ತರುವುದು? ನಿಧಾನವಾಗಿ ಸಾಗುವ ಸಣ್ಣ ಗೋಳದ ತಡೆ ಹೇಳುವ ಸ್ಟೋಕ್ಸ್ ಸೂತ್ರದಿಂದ ತಂದರೆ ತಡೆ ನಿಜವಾದದ್ದರ ಸಾವಿರದ ಒಂದು ಪಾಲೂ ಇರುವುದಿಲ್ಲ, ಉತ್ತರ ಮತ್ತೆ 92ರ ಬಳಿಗೇ ಬರುತ್ತದೆ. ಆ ಸೂತ್ರ ಹೊಂದುವುದು ರೆನಾಲ್ಡ್ಸ್ ಸಂಖ್ಯೆ (ಹರಿವಿನಲ್ಲಿ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 1ಕ್ಕಿಂತ ಕಡಿಮೆಯಿದ್ದಾಗ, ಗ್ಲಿಸರಿನ್‌ನಲ್ಲಿ ಮುಳುಗುವ ಸಣ್ಣ ಮಣಿಯಂಥದ್ದಕ್ಕೆ. ನಮ್ಮ ಚೆಂಡಿಗೆ ಆ ಸಂಖ್ಯೆ 1 ಲಕ್ಷ ದಾಟುತ್ತದೆ. ಚೆಂಡಿನ ಅಂತಿಮ ವೇಗಕ್ಕೆ (ಬೀಳುವಾಗ ತಡೆ ತೂಕಕ್ಕೆ ಸಮನಾಗಿ, ಮುಂದೆ ಏರದೆ ನಿಲ್ಲುವ ವೇಗ) ಹೊಂದಿಸಿ ಸ್ಥಿರಾಂಕ ತೆಗೆದರೆ ಉತ್ತರ 51ಕ್ಕೆ ಕುಸಿಯುತ್ತದೆ. ಒಂದು ಹೊಡೆತಕ್ಕೆ ಸರಿಹೋಗುವಂತೆ ತಿದ್ದಿಕೊಳ್ಳಬಹುದು, ನಿಜ. ವೇಗ ಬದಲಾದರೆ ಮತ್ತೆ ತಿದ್ದಬೇಕು. ಚೆಂಡಿನ ಲೆಕ್ಕಕ್ಕೆ ಅದನ್ನು ಕೈಬಿಡುವುದೇ ಸರಿ.

ಬ್ಯಾಡ್ಮಿಂಟನ್ ಶಟಲ್‌ನಲ್ಲಿ ಅಂತರ ಇನ್ನೂ ದೊಡ್ಡದು. ಅದರ ಅಂತಿಮ ವೇಗ ಸೆಕೆಂಡಿಗೆ 7 ಮೀಟರ್‌ನಷ್ಟೇ. ಅದೇ 30 ಮೀಟರ್ ವೇಗದಲ್ಲಿ ಹೊರಟರೂ ವರ್ಗ ಮಾದರಿಯಂತೆ ಅದು 9 ಮೀಟರ್‌ನೊಳಗೆ ಇಳಿಯುತ್ತದೆ. ಮಂಗಳೂರಿನ ಯಾವ ಒಳಾಂಗಣ ಕೋರ್ಟಿನಲ್ಲಾದರೂ ಆಡಿದವರಿಗೆ ಇದು ಅಚ್ಚರಿಯಲ್ಲ.

ವರ್ಗ ಮಾದರಿಗೆ ಸರಳ ಸೂತ್ರವಿಲ್ಲ. ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ ನಡೆಯಬೇಕು. ಹೆಜ್ಜೆಯ ಆರಂಭದ ತಡೆಯನ್ನೇ ಇಡೀ ಹೆಜ್ಜೆಗೆ ಹಿಡಿಯುವ ಆಯ್ಲರ್ ವಿಧಾನ ಸುಲಭ, ಆದರೆ 0.1 ಸೆಕೆಂಡಿನ ಹೆಜ್ಜೆ ಒರಟು. ಶಟಲ್‌ನ ವೇಗ ಮೊದಲ ಹೆಜ್ಜೆಯಲ್ಲೇ 30ರಿಂದ 11ಕ್ಕೆ ಬೀಳುತ್ತದೆ. ಆಗ ಇರಬೇಕಾದದ್ದು ಸುಮಾರು 18. ಹೆಜ್ಜೆಯನ್ನು 0.005ಕ್ಕೆ ಇಳಿಸಿದರೆ ಎಕ್ಸೆಲ್ ಸಾಕು. ಪೈಥಾನ್ ಬರುವವರು ಒಂದೇ ಹೆಜ್ಜೆಯೊಳಗೆ ಹಲವು ಸಲ ತಡೆ ಲೆಕ್ಕಹಾಕುವ ರುಂಗೆ-ಕುಟ್ಟ ವಿಧಾನ ಬಳಸಲಿ, ಕಡಿಮೆ ಹೆಜ್ಜೆಯಲ್ಲೇ ನಿಖರತೆ ಸಿಗುತ್ತದೆ. ಎರಡರಲ್ಲೂ ಒಂದು ಎಚ್ಚರ: ಅಡ್ಡ ದಿಕ್ಕಿನ ತಡೆಗೆ ಅಡ್ಡ ವೇಗದ ವರ್ಗ ಹಾಕಬಾರದು, ಒಟ್ಟು ವೇಗವನ್ನು ಅಡ್ಡ ವೇಗದಿಂದ ಗುಣಿಸಬೇಕು.

ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿ ಭಾರವಾಗಿ ಚೆಂಡನ್ನು ಹಿಡಿದಿಡುತ್ತದೆ ಎಂಬ ಮಾತು ಮೈದಾನದಲ್ಲಿ ಕೇಳಿಬರುತ್ತದೆ. ಲೆಕ್ಕ ಉಲ್ಟಾ ಹೇಳುತ್ತದೆ. ನೀರಾವಿಯ ಅಣುಭಾರ 18, ಒಣ ಗಾಳಿಯದ್ದು ಸರಾಸರಿ 29. ತೇವದ ಗಾಳಿ ತುಸು ಹಗುರ. ವ್ಯತ್ಯಾಸ ಶೇಕಡಾ 1ರಿಂದ 2 ಅಷ್ಟೇ, ಟೇಪಿನಲ್ಲಿ ಕಾಣುವುದು ಕಷ್ಟ.

ಕಾಣುವುದು ಕಡಲಗಾಳಿ. ಮಧ್ಯಾಹ್ನದ ಬಳಿಕ ಪಡುವಣದಿಂದ ಅದು ಬೀಸತೊಡಗಿದರೆ, ಪ್ರತಿ ಹೆಜ್ಜೆಯಲ್ಲೂ ಚೆಂಡಿನ ವೇಗದಿಂದ ಗಾಳಿಯ ವೇಗವನ್ನು ದಿಕ್ಕು ನೋಡಿ ಕಳೆದು, ಆಮೇಲೆ ತಡೆ ಲೆಕ್ಕಹಾಕಬೇಕು. ಇದಕ್ಕೆ ವರ್ಗ ಮಾದರಿಯ ಹಾಳೆಯಲ್ಲಿ ಒಂದು ಕಾಲಂ ಹೆಚ್ಚಿಸಿದರಾಯಿತು. ಗಾಳಿ ಅಳೆಯುವ ಸಾಧನ ಇಲ್ಲದವರು ಬೆಳಗ್ಗೆಯೇ ಹೋಗುವುದು ಮೇಲು.