ಚಾಲ್ತಿ ಖಾತೆಯಿಂದ ತಾನಾಗಿ ಹೋಗುವ ಹಣ: ನಾಲ್ಕು ದಾರಿಗಳ ಹೋಲಿಕೆ

ಸಣ್ಣ ಉದ್ದಿಮೆ ನಡೆಸುವವರ ಚಾಲ್ತಿ ಖಾತೆಯಿಂದ ತಿಂಗಳು ತಿಂಗಳು ತಾನಾಗಿ ಹಣ ಹೊರಹೋಗುವ ದಾರಿಗಳು ಸದ್ಯ ಮುಖ್ಯವಾಗಿ ನಾಲ್ಕಿವೆ. ಬ್ಯಾಂಕಿಗೆ ನಾವೇ ಬರೆದುಕೊಡುವ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಸಾಲ ಕೊಟ್ಟವರೂ ವಿಮಾ ಕಂಪನಿಗಳೂ ಬಳಸುವ ನ್ಯಾಚ್ ಮ್ಯಾಂಡೇಟ್ (ನಮ್ಮ ಖಾತೆಯಿಂದ ಹಣ ತೆಗೆದುಕೊಳ್ಳಲು ಅವರಿಗೆ ಮೊದಲೇ ಕೊಡುವ ಅನುಮತಿ), ಅಂಥದೇ ಅನುಮತಿಯನ್ನು ಯುಪಿಐ ಆ್ಯಪ್‌ನಲ್ಲಿ ಕೊಡುವ ಯುಪಿಐ ಆಟೊಪೇ ಮತ್ತು ಕಾರ್ಡಿನ ಮೇಲೆ ಕೊಡುವ ಇ-ಮ್ಯಾಂಡೇಟ್. ಎರಡು ಬ್ಯಾಂಕುಗಳ ಖಾತೆಗಳಲ್ಲಿ ಈ ನಾಲ್ಕನ್ನೂ ಬಳಸಿ ನೋಡಿದ ಮೇಲೆ, ಇವುಗಳ ನಡುವೆ ಆಯ್ಕೆ ಮಾಡುವಾಗ ಎರಡೇ ಪ್ರಶ್ನೆಗಳು ನಿಜವಾಗಿ ಲೆಕ್ಕಕ್ಕೆ ಬರುತ್ತವೆ ಎಂದು ನನಗೆ ಮನವರಿಕೆಯಾಗಿದೆ. ಹಣ ದಿನದ ಯಾವ ಹೊತ್ತಿನಲ್ಲಿ ಹೋಗುತ್ತದೆ? ಆ ಹೊತ್ತಿಗೆ ಶಿಲ್ಕು ಸಾಲದಿದ್ದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ? ಸಂಬಳದಾರರ ಉಳಿತಾಯ ಖಾತೆಗೆ ಹಣ ಬರುವ ದಿನ ಬಹುಮಟ್ಟಿಗೆ ಗೊತ್ತಿರುತ್ತದೆ. ವ್ಯಾಪಾರದ ಖಾತೆಗೆ ಅಂಥ ದಿನವಿಲ್ಲ. ಗಿರಾಕಿಯ ಚೆಕ್ಕು ಒಂದು ದಿನ ತಡವಾದರೂ ಕಂತು ಹಿಂದಿರುಗುತ್ತದೆ. ಆದ್ದರಿಂದಲೇ ಹೊತ್ತಿನ ಪ್ರಶ್ನೆ ಇಲ್ಲಿ ಇಷ್ಟು ದೊಡ್ಡದಾಗುತ್ತದೆ.

ಮೊದಲು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮತ್ತು ನ್ಯಾಚ್ ಎರಡನ್ನು ಎದುರುಬದುರು ಇಟ್ಟು ನೋಡಬೇಕು, ಏಕೆಂದರೆ ಉಳಿದೆರಡರ ಗುಣದೋಷಗಳು ಇವುಗಳ ಬೆಳಕಿನಲ್ಲೇ ಸ್ಪಷ್ಟವಾಗುತ್ತವೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ಗಲ್ಲಾಪೆಟ್ಟಿಗೆಯ ಕೀಲಿ ನಮ್ಮ ಕೈಯಲ್ಲೇ ಇರುತ್ತದೆ. ನ್ಯಾಚ್‌ನಲ್ಲಿ ಇಂತಿಷ್ಟು ಮೊತ್ತದವರೆಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಷರತ್ತಿನೊಂದಿಗೆ ನಕಲಿ ಕೀಲಿಯೊಂದನ್ನು ಹಣ ಪಡೆಯುವವರಿಗೆ ಕೊಟ್ಟಿರುತ್ತೇವೆ. ಮೊದಲನೆಯದರಲ್ಲಿ ನಮ್ಮ ಬ್ಯಾಂಕು ನಮ್ಮ ಮಾತಿನಂತೆ ಹಣ ಕಳುಹಿಸುತ್ತದೆ. ಎರಡನೆಯದರಲ್ಲಿ ಅವರ ಬ್ಯಾಂಕು ಕೇಳಿಕೆಯ ಕಡತವನ್ನು ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಕಳುಹಿಸುತ್ತದೆ, ನಮ್ಮ ಬ್ಯಾಂಕು ಅದನ್ನು ಪಾವತಿಸಬೇಕು ಇಲ್ಲವೇ ಕಾರಣ ನಮೂದಿಸಿ ಹಿಂದಿರುಗಿಸಬೇಕು.

ಹೊತ್ತಿನ ವಿಷಯದಲ್ಲಿ ನನ್ನ ಅನುಭವ ಹೀಗಿದೆ. ನ್ಯಾಚ್ ಕಂತುಗಳು ನನ್ನ ಎರಡೂ ಖಾತೆಗಳಲ್ಲಿ ಬಹುತೇಕ ಬೆಳಿಗ್ಗೆಯೇ ಖರ್ಚು ಬೀಳುತ್ತವೆ. ಐದನೆಯ ತಾರೀಖಿನ ಕಂತಿಗೆ ಐದರ ಮಧ್ಯಾಹ್ನ ಹಣ ತುಂಬಿದರಾಯಿತು ಎಂದು ನಂಬುವುದು ಸುರಕ್ಷಿತವಲ್ಲ. ನಾಲ್ಕರ ಸಂಜೆಯೇ ಖಾತೆಯಲ್ಲಿ ಶಿಲ್ಕು ಇರಬೇಕು. ಇದಕ್ಕಿಂತ ಗಂಭೀರವಾದ ಸಂಗತಿ ರಜಾದಿನಗಳದ್ದು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ, ಬ್ಯಾಂಕ್ ರಜೆಯ ದಿನವೂ ನಡೆಯುತ್ತದೆ. ಅದಕ್ಕೂ ಮೊದಲು ಭಾನುವಾರದ ಕಂತು ಸೋಮವಾರಕ್ಕೆ ಹೋಗುತ್ತಿತ್ತು. ಆದರೆ ಚೆಕ್ ಕ್ಲಿಯರಿಂಗ್ ಇಂದಿಗೂ ಕೆಲಸದ ದಿನಗಳಲ್ಲಿ ಮಾತ್ರ ನಡೆಯುತ್ತದೆ. ಬ್ಯಾಂಕ್ ರಜೆಯಿರುವ ಎರಡನೆಯ ಅಥವಾ ನಾಲ್ಕನೆಯ ಶನಿವಾರ ಕೈಗೆ ಬಂದ ಚೆಕ್ಕಿನ ಹಣ ಸೋಮವಾರಕ್ಕಿಂತ ಮೊದಲು ಖಾತೆ ಸೇರುವುದಿಲ್ಲ. ಭಾನುವಾರದ ಕಂತು ಮಾತ್ರ ಭಾನುವಾರವೇ ಹೋಗುತ್ತದೆ. ಹಣ ಹೋಗುವ ಬಾಗಿಲು ಸದಾ ತೆರೆದಿದ್ದು, ಬರುವ ಬಾಗಿಲುಗಳಲ್ಲಿ ಒಂದು ಮುಚ್ಚಿರುವ ಈ ಅಸಮತೋಲನವು ಚೆಕ್ಕಿನ ಮೇಲೆ ವ್ಯವಹಾರ ನಡೆಸುವ ಸಣ್ಣ ಉದ್ದಿಮೆಗಳಿಗೆ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಗಿರಾಕಿಗಳನ್ನು ಖಾತೆಯಿಂದ ಖಾತೆಗೆ ನೇರವಾಗಿ ಹಣ ಕಳುಹಿಸುವ ನೆಫ್ಟ್ ಅಥವಾ ಆರ್‌ಟಿಜಿಎಸ್ ಕಡೆಗೆ ಒಲಿಸುವುದೊಂದೇ ಇದಕ್ಕೆ ಸದ್ಯದ ಪರಿಹಾರ. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲಿರುಳೂ ನಡೆಯುತ್ತಿವೆ.

ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ಗೆ ಇಂಥ ಏಕರೂಪದ ನಡಾವಳಿ ಇಲ್ಲ. ನಾನು ಬಳಸುವ ಒಂದು ಬ್ಯಾಂಕು ಅದನ್ನು ದಿನದ ಕೆಲಸ ಆರಂಭಿಸುವಾಗಲೇ ನೆರವೇರಿಸುತ್ತದೆ, ಇನ್ನೊಂದು ಸಂಜೆ ಮಾಡುತ್ತದೆ. ಒಂದರಲ್ಲಿ ರಜೆಯ ದಿನ ಬಿದ್ದ ಪಾವತಿ ಮುಂದಿನ ಕೆಲಸದ ದಿನಕ್ಕೆ ಜಾರುತ್ತದೆ, ಮತ್ತೊಂದರಲ್ಲಿ ಅದೇ ದಿನ ಹೋಗುತ್ತದೆ. ಬಾಡಿಗೆಯಂಥ ಪಾವತಿಗೆ ಈ ಒಂದು ದಿನದ ವ್ಯತ್ಯಾಸ ಬಾಧಿಸುವುದಿಲ್ಲ, ಆದರೆ ಕೊನೆಯ ದಿನಾಂಕವಿರುವ ಪಾವತಿಗೆ ಬಾಧಿಸುತ್ತದೆ. ಆದ್ದರಿಂದ ಫಾರ್ಮ್ ಕೊಡುವ ಮೊದಲೇ ಶಾಖೆಯಲ್ಲಿ ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಬೇಕು: ಎಷ್ಟು ಹೊತ್ತಿಗೆ ಹಣ ಕಳುಹಿಸುತ್ತೀರಿ, ರಜೆ ಬಂದರೆ ಹಿಂದಕ್ಕೋ ಮುಂದಕ್ಕೋ, ಶಿಲ್ಕಿಲ್ಲದಿದ್ದರೆ ಎಷ್ಟು ಸಲ ಮತ್ತೆ ಪ್ರಯತ್ನಿಸುತ್ತೀರಿ.

ಶಿಲ್ಕು ಸಾಲದಾದಾಗ ಇವೆರಡರ ನಡುವಿನ ಅಂತರ ಇನ್ನೂ ಹಿಗ್ಗುತ್ತದೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ವಿಫಲವಾದರೆ ಹಣ ಹೋಗುವುದಿಲ್ಲ, ಅಷ್ಟೇ. ಬ್ಯಾಂಕಿನ ದರಪಟ್ಟಿಯಂತೆ ಸಣ್ಣ ಶುಲ್ಕ ಬೀಳಬಹುದು, ನಾವು ಮರುದಿನ ಕೈಯಾರೆ ಕಳುಹಿಸಬಹುದು. ಸಾಲವೂ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದಾಗ ಇನ್ನೊಂದು ಅನುಕೂಲ ಕಂಡಿದ್ದೇನೆ. ಖಾತೆಯಲ್ಲಿ ಇದ್ದಷ್ಟನ್ನು ಅಂದು ಜಮಾ ಮಾಡಿಕೊಂಡು, ಉಳಿದದ್ದನ್ನು ಹಣ ಬಂದಂತೆ ಮುಂದಿನ ದಿನಗಳಲ್ಲಿ ತೆಗೆದುಕೊಳ್ಳುತ್ತಾರೆ. ನ್ಯಾಚ್‌ನಲ್ಲಿ ಭಾಗಶಃ ಪಾವತಿ ಎಂಬುದಿಲ್ಲ. ಕಂತಿಗೆ ಹತ್ತು ರೂಪಾಯಿ ಕಡಿಮೆಯಿದ್ದರೂ ಇಡೀ ಕೇಳಿಕೆ ಹಿಂದಿರುಗುತ್ತದೆ. ಆಗ ನಮ್ಮ ಬ್ಯಾಂಕು ಹಿಂದಿರುಗಿಸಿದ್ದಕ್ಕೆ ಶುಲ್ಕ ಹಾಕುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ, ಸಾಲ ಕೊಟ್ಟ ಸಂಸ್ಥೆಯೂ ತನ್ನ ಬೌನ್ಸ್ ಶುಲ್ಕವನ್ನು ಬೇರೆಯಾಗಿ ಹಾಕುತ್ತದೆ. ಅದೇ ತಿಂಗಳಲ್ಲಿ ಅವರು ಎರಡನೆಯ ಸಲ ಮಂಡಿಸಿ ಅದೂ ಹಿಂದಿರುಗಿದರೆ ನಮ್ಮ ಬ್ಯಾಂಕಿನ ಶುಲ್ಕ ಮತ್ತೊಮ್ಮೆ ಬೀಳುತ್ತದೆ. ಇದು ಹಣದ ನಷ್ಟಕ್ಕೇ ನಿಲ್ಲುವುದಿಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಂತೆ, ಸಾಲ ತೀರಿಸಲು ನೀಡಿದ ವಿದ್ಯುನ್ಮಾನ ಪಾವತಿಯು ಹಣ ಸಾಲದೆ ಅಮಾನ್ಯವಾದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಚೆಕ್ ಬೌನ್ಸಿನ ಭಯವಿರುವ ಅನೇಕರಿಗೆ ನ್ಯಾಚ್‌ಗೂ ಅಷ್ಟೇ ತೂಕದ ಕಾನೂನು ಇದೆಯೆಂಬ ಅರಿವಿಲ್ಲ, ಮ್ಯಾಂಡೇಟ್‌ಗೆ ಸಹಿ ಹಾಕಿಸಿಕೊಳ್ಳುವವರು ಅದನ್ನು ಬಾಯಿಬಿಟ್ಟು ಹೇಳುವುದೂ ಅಪರೂಪ.

ಯುಪಿಐ ಆಟೊಪೇ 2020ರ ಜುಲೈಯಲ್ಲಿ ಬಂದದ್ದು. ಇದರಲ್ಲೂ ಹಣ ಪಡೆಯುವವರೇ ಕೇಳುತ್ತಾರಾದರೂ, ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮದಂತೆ ಕನಿಷ್ಠ 24 ಗಂಟೆ ಮೊದಲು ನಮಗೆ ಸೂಚನೆ ಬರಬೇಕು. ಈ ಒಂದು ದಿನದ ಮುನ್ಸೂಚನೆಯ ಬೆಲೆ ವ್ಯಾಪಾರಸ್ಥರಿಗೆ ಚೆನ್ನಾಗಿ ಗೊತ್ತು. ನ್ಯಾಚ್‌ನಲ್ಲಿ ನನ್ನ ಬ್ಯಾಂಕುಗಳಿಂದ ಅಂಥ ಸೂಚನೆ ಬಂದದ್ದಿಲ್ಲ, ಸಾಲ ಕೊಟ್ಟ ಸಂಸ್ಥೆ ತಾನಾಗಿ ಕಳುಹಿಸಿದ ಸಂದೇಶವೇ ಗತಿ. 2025ರ ಆಗಸ್ಟ್ 1ರಿಂದ ಆಟೊಪೇ ಹೊತ್ತಿಗೂ ಕಟ್ಟುಪಾಡು ಬಂದಿದೆ. ಬೆಳಿಗ್ಗೆ 10ಕ್ಕೆ ಮೊದಲು, ಮಧ್ಯಾಹ್ನ 1ರಿಂದ ಸಂಜೆ 5ರ ನಡುವೆ, ಅಥವಾ ರಾತ್ರಿ 9.30ರ ನಂತರ ಮಾತ್ರ ಈ ಪಾವತಿಗಳನ್ನು ನಡೆಸಬೇಕು. ಮೊದಲ ಪ್ರಯತ್ನ ವಿಫಲವಾದರೆ ಇನ್ನು ಮೂರು ಸಲ ಪ್ರಯತ್ನಿಸಬಹುದು. ಸಂಜೆ ಗಿರಾಕಿಯ ಹಣ ಬರುವ ಖಾತೆಗೆ ಈ ಮರುಪ್ರಯತ್ನ ನಿಜವಾದ ಉಪಕಾರ. ಆದರೆ ಇದರ ಮಿತಿಗಳೂ ಸಣ್ಣವಲ್ಲ. ಸಾಮಾನ್ಯ ಪಾವತಿ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಪಿನ್ ಹಾಕಬೇಕು, ಹಾಕಲು ಮರೆತರೆ ಪಾವತಿ ನಿಲ್ಲುತ್ತದೆ. ವಿಮಾ ಕಂತು, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಈ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷಕ್ಕೆ ಏರಿಸಿದ್ದಾರೆ. ಏಕಮಾಲೀಕತ್ವದ ಖಾತೆಗೆ ಇದು ಸಲೀಸಾಗಿ ಹೊಂದುತ್ತದೆ. ಇಬ್ಬರು ಸಹಿ ಮಾಡಬೇಕಾದ ನಮ್ಮ ಪಾಲುದಾರಿಕೆಯ ಖಾತೆಗೆ ಹೊಂದಲಿಲ್ಲ. ಆ ಖಾತೆಯಲ್ಲಿ ನ್ಯಾಚ್ ಮ್ಯಾಂಡೇಟ್ ಕೂಡ ಆನ್‌ಲೈನ್‌ನಲ್ಲಿ ದೃಢೀಕರಣವಾಗದೆ, ಇಬ್ಬರ ಸಹಿ ಮತ್ತು ಮೊಹರಿನೊಂದಿಗೆ ಕಾಗದದ ಫಾರ್ಮನ್ನೇ ಕೊಡಬೇಕಾಯಿತು.

ಕಾರ್ಡಿನ ಇ-ಮ್ಯಾಂಡೇಟ್‌ಗೆ ಮುನ್ಸೂಚನೆ, ಮಿತಿ ಎಲ್ಲವೂ ಆಟೊಪೇಯಂತೆಯೇ ಇವೆ. ಕಾರ್ಡ್ ಬದಲಾದಾಗ ಮ್ಯಾಂಡೇಟ್ ಕಡಿದುಹೋಗುವ ಸಾಧ್ಯತೆ ಇರುವುದರಿಂದ ಸಾಫ್ಟ್‌ವೇರ್ ಚಂದಾದಂಥ ಸಣ್ಣ ಮೊತ್ತಗಳನ್ನು ಬಿಟ್ಟು ಬೇರೆ ಯಾವುದಕ್ಕೂ ನಾನು ಇದನ್ನು ಬಳಸುವುದಿಲ್ಲ.

ಈಗ ನಾನು ಪಾಲಿಸುತ್ತಿರುವ ವ್ಯವಸ್ಥೆಯಲ್ಲಿ ಬಾಡಿಗೆ ಮತ್ತು ಸ್ವಂತ ಬ್ಯಾಂಕಿನ ಸಾಲ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ಹೋಗುತ್ತವೆ, ವಿಮೆ ಆಟೊಪೇಯಲ್ಲಿ ಹೋಗುತ್ತದೆ. ಹೊರಗಿನ ಸಂಸ್ಥೆಯ ಸಾಲಕ್ಕೆ ನ್ಯಾಚ್ ಬಿಟ್ಟು ಬೇರೆ ದಾರಿಯನ್ನು ಅವರು ಒಪ್ಪುವುದಿಲ್ಲವಾದ್ದರಿಂದ, ಅದಕ್ಕೆಂದೇ ಎರಡನೆಯ ಖಾತೆಯಲ್ಲಿ ಒಂದು ಕಂತಿನಷ್ಟು ಹಣವನ್ನು ಮುಟ್ಟದೆ ಇಡುತ್ತೇನೆ. ಚಾಲ್ತಿ ಖಾತೆಗೆ ಬಡ್ಡಿ ಬರುವುದಿಲ್ಲವಾದರೂ, ಬೌನ್ಸ್ ಶುಲ್ಕಕ್ಕೆ ಹೋಲಿಸಿದರೆ ಆ ನಷ್ಟ ಸಣ್ಣದು. ಸಾಲ ತೀರಿದ ಮೇಲೆ ನ್ಯಾಚ್ ಮ್ಯಾಂಡೇಟ್ ರದ್ದಾಗಿದೆಯೇ ಎಂದು ಪರಿಶೀಲಿಸುವುದೂ ಮುಖ್ಯ, ಏಕೆಂದರೆ ಅದರ ಕೊನೆಯ ದಿನಾಂಕವನ್ನು ಸಾಲದ ಅವಧಿಗಿಂತ ಬಹಳ ಮುಂದಕ್ಕೆ ಹಾಕಿರುವುದುಂಟು. ಆಟೊಪೇಯನ್ನು ಆ್ಯಪ್‌ನಲ್ಲೇ ನಿಲ್ಲಿಸಬಹುದು. ನ್ಯಾಚ್‌ಗಾದರೆ ಮ್ಯಾಂಡೇಟ್‌ನ ಗುರುತಿನ ಸಂಖ್ಯೆಯಾದ ಯುಎಂಆರ್‌ಎನ್ ಬರೆದು ಬ್ಯಾಂಕಿಗೆ ಲಿಖಿತ ಕೋರಿಕೆ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಆ ಸಂಖ್ಯೆ ಪ್ರತಿ ಕಂತಿನ ಪಾವತಿಯ ವಿವರದಲ್ಲಿ, ಖಾತೆಯ ಸ್ಟೇಟ್‌ಮೆಂಟಿನಲ್ಲಿ, ಸಾಮಾನ್ಯವಾಗಿ ಸಿಗುತ್ತದೆ.