ಜೂಮ್ ಇಲ್ಲದ ಲೆನ್ಸ್, ದೇವರಾಜ ಮಾರುಕಟ್ಟೆ: ನಿಕಾನ್ ಡಿಎಕ್ಸ್ 35 ಎಂಎಂ ಎಫ್/1.8 ಜಿ

ಫೋಟೋಗ್ರಫಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸುತ್ತಾಡುತ್ತಲೇ ಕಲಿತಿದ್ದು. ಹಲವು ವರ್ಷಗಳಿಂದ ನನ್ನ ನಿಕಾನ್ ಡಿ3300 ಕ್ಯಾಮೆರಾಕ್ಕೆ ಹಾಕಿರುವುದು ಈ ಒಂದೇ 35 ಎಂಎಂ ಲೆನ್ಸ್. 2009ರಲ್ಲಿ ಬಂದದ್ದು, ತೂಕ 200 ಗ್ರಾಂ. ಜೂಮ್ ಇಲ್ಲ, ಕೈ ಅಲುಗಾಟ ತಡೆಯುವ ವಿಆರ್ ಕೂಡ ಇಲ್ಲ. ಆದರೂ ಬೀದಿ ಫೋಟೋಗೆ ಯಾವ ಲೆನ್ಸ್ ಅಂತ ಕೇಳಿದರೆ ನಾನು ಹೇಳುವುದು ಇದನ್ನೇ.

ಎರಡು ಮೀಟರ್ ದೂರದಲ್ಲಿ ನಿಂತರೆ ಫ್ರೇಮಿನ ಅಗಲ ಹೆಚ್ಚುಕಮ್ಮಿ 1.3 ಮೀಟರ್. ಹೂವಿನವರು, ಅವರ ಬುಟ್ಟಿ, ಮೊಳ ಹಾಕುವ ಕೈ, ಅಷ್ಟೇ ಹಿಡಿಯುತ್ತದೆ. ಅಷ್ಟು ಹತ್ತಿರ ಹೋದ ಮೇಲೆ ಮಾತಾಡಿಸದೆ ಇರಲು ಆಗುವುದಿಲ್ಲ. "ಅಕ್ಕಾ, ಒಂದು ಫೋಟೋ ತೆಗೀಲಾ?" ಬೇಡ ಅಂದರೆ ಮುಂದೆ ಹೋಗುತ್ತೇನೆ. ಹೂಂ ಅಂದವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಆ ಫೋಟೋ ಅವರದ್ದು, ಚೆನ್ನಾಗಿ ತೆಗೆದು, ಪ್ರಿಂಟ್ ಹಾಕಿಸಿ ಕೊಡಬೇಕು. ಆಮೇಲೆ ಗಿರಾಕಿ ಬರುತ್ತಾರೆ, ಚೌಕಾಸಿ ಶುರುವಾಗುತ್ತದೆ, ನಾನು ಅಲ್ಲಿರುವುದೇ ಅವರಿಗೆ ಮರೆತುಹೋಗುತ್ತದೆ. ನಾನು ಕಾಯುವುದು ಅದಕ್ಕೇ. ಮೊಳ ಅಳೆದ ಮೇಲೂ ಎರಡು ಬೆರಳು ಜಾಸ್ತಿ ಬಿಟ್ಟು ದಾರ ಕತ್ತರಿಸುವ ಅಜ್ಜಿ. ತುಟಿ ಅಲ್ಲಾಡಿಸುತ್ತಾ ವೀಳ್ಯದೆಲೆ ಎಣಿಸುವ ಹುಡುಗ. ಗಿರಾಕಿ ಹೋದ ಕೂಡಲೇ ಕುಂಕುಮದ ರಾಶಿಯ ತುದಿಯನ್ನು ಮತ್ತೆ ಚೂಪಾಗಿ ತಿದ್ದುವವರು. ದಿನಾ ನಡೆಯುವುದೇ, ಆದರೆ ನನಗೆ ಇದಕ್ಕಿಂತ ಚೆಂದದ್ದು ಬೇರೆ ಕಂಡಿಲ್ಲ.

ಇನ್ನು ಬೆಳಕು. ಒಳಗಿನ ಸಾಲುಗಳಲ್ಲಿ ಟಾರ್ಪಾಲಿನ ಸಂದಿಯಿಂದ ಬೀಳುವ ಬಿಸಿಲು ಬಿಟ್ಟರೆ ಬಲ್ಬೇ ಗತಿ. ಕ್ಯಾಮೆರಾ ಜೊತೆ ಬರುವ 18–55 ಲೆನ್ಸ್ 35 ಎಂಎಂಗೆ ಬಂದಾಗ ಎಫ್/4.5ರಷ್ಟೇ ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಎಫ್/1.8ರಲ್ಲಿ ಒಳಗೆ ಬರುವ ಬೆಳಕು ಅದರ ಆರು ಪಟ್ಟು. ಅಲ್ಲಿ ಐಎಸ್‌ಒ 6400 ಬೇಕಾದರೆ ಇಲ್ಲಿ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ (ಕಡಿಮೆ ಬೆಳಕಿಗೆ ಏರಿಸುವ ಸಂಖ್ಯೆ ಇದು, ಏರಿಸಿದಷ್ಟೂ ಫೋಟೋ ಕಾಳುಕಾಳಾಗುತ್ತದೆ). ಮುಖದ ಸುಕ್ಕು, ಮಲ್ಲಿಗೆಯ ಎಸಳು ಕಲಸಿಹೋಗದೆ ಉಳಿಯುತ್ತವೆ.

ಬಿಸಿಲಿರುವ ಹೊರಗಿನ ಸಾಲಿನಲ್ಲಿ ನಾನು ಆಟೋಫೋಕಸ್ ಬಳಸುವುದಿಲ್ಲ. ಎರಡು ಮೀಟರ್ ದೂರದ ಏನಾದರೊಂದಕ್ಕೆ ಫೋಕಸ್ ಮಾಡಿ, ಲೆನ್ಸಿನ ಪಕ್ಕದ ಸ್ವಿಚ್ಚನ್ನು 'ಎಂ' ಕಡೆಗೆ, ಅಂದರೆ ಮ್ಯಾನ್ಯುಯಲ್ ಫೋಕಸ್ಸಿಗೆ, ತಳ್ಳಿಬಿಡುತ್ತೇನೆ. ಎಫ್/8ರಲ್ಲಿ ಸುಮಾರು 1.6ರಿಂದ 2.7 ಮೀಟರ್‌ವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಬಟನ್ ಒತ್ತುವುದಷ್ಟೇ ಕೆಲಸ. ಲೆನ್ಸಿನ ಮೇಲೆ ದೂರದ ಗುರುತು ಇದ್ದಿದ್ದರೆ ಇದು ಇನ್ನೂ ಸಲೀಸು, ಆದರೆ ಇದರಲ್ಲಿ ಅದಿಲ್ಲ.

ಪೂರ್ತಿ ತೆರೆದಾಗ, ಹಿಂದೆ ಜೋರು ಬೆಳಕಿದ್ದರೆ, ವಸ್ತುಗಳ ಅಂಚಿಗೆ ನೇರಳೆ ಬಣ್ಣ ಹತ್ತುತ್ತದೆ. ಎಫ್/2.8ಕ್ಕೆ ಕಿರಿದು ಮಾಡಿದರೆ ಕಡಿಮೆಯಾಗುತ್ತದೆ. ಇಕ್ಕಟ್ಟಿನ ಸಾಲಿನಲ್ಲಿ ಇಡೀ ಅಂಗಡಿ ಒಂದೇ ಫ್ರೇಮಿಗೆ ಬರುವುದಿಲ್ಲ. ಅಂಗಡಿ ಪೂರ್ತಿ ಬೇಕು ಅನ್ನುವವರು 18–55 ಇಟ್ಟುಕೊಳ್ಳುವುದೇ ಸರಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೊಬೈಲ್ ಟಾರ್ಚ್ ಹಾಕಿ ಗಾಜಿನ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಡಿ3000, ಡಿ5000 ಸರಣಿಯ ಕ್ಯಾಮೆರಾ ಇರುವವರು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹಳೆಯ ಎಎಫ್-ಡಿ ಲೆನ್ಸ್ ತಗೊಳ್ಳಬೇಡಿ, ಫೋಕಸ್ ಮಾಡುವ ಮೋಟಾರ್ ಅವುಗಳಲ್ಲೂ ಇಲ್ಲ, ಈ ಕ್ಯಾಮೆರಾಗಳಲ್ಲೂ ಇಲ್ಲ, ಹಾಗಾಗಿ ತಾವಾಗಿ ಫೋಕಸ್ ಆಗುವುದಿಲ್ಲ. ಈ 35ಕ್ಕೆ ಮೋಟಾರ್ ಒಳಗೇ ಇದೆ. ಮುಂದೆ ನಿಕಾನಿನ ಮಿರರ್ ಇಲ್ಲದ ಝಡ್ ಸರಣಿಯ ಕ್ಯಾಮೆರಾಗೆ ಹೋದರೂ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಆಟೋಫೋಕಸ್ ಸಮೇತ ಬಳಸಬಹುದು.