ಎಂಜಿಬಿ ಮುಂದಿನ ಸಸ್ಪೆನ್ಶನ್ ಕಿಟ್: ದುಡ್ಡು ಕೊಡುವ ಮುಂಚೆ ತಿಳಿದಿರಬೇಕಾದದ್ದು

ಎಂಜಿಬಿ ಸ್ಪೋರ್ಟ್ಸ್ ಕಾರು ಇಂಗ್ಲೆಂಡಿನ ಆಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. 5 ಲಕ್ಷಕ್ಕೂ ಹೆಚ್ಚು ಕಾರು ಹೊರಬಂದಿರುವುದರಿಂದ ಬಿಡಿಭಾಗಗಳಿಗೆ ಇವತ್ತಿಗೂ ಬರವಿಲ್ಲ. ಮುಂದಿನ ಸಸ್ಪೆನ್ಶನ್ ರಿಪೇರಿಗೆ ಸಿಗುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಕಿಂಗ್‌ಪಿನ್‌ಗಳು (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವುದರ ಮೇಲೆ ತಿರುಗುತ್ತದೋ ಆ ನಿಂತ ಪಿನ್), ಅವುಗಳ ಕಂಚಿನ ಬುಷ್ (ಪಿನ್ ಕೂರುವ ಕೊಳವೆ), ಮೇಲೆ ಕೆಳಗಿನ ಆಟ ತಡೆಯುವ ಥ್ರಸ್ಟ್ ವಾಷರ್, ಕಿಂಗ್‌ಪಿನ್ನಿನ ಕೆಳತುದಿಯನ್ನು ಸಸ್ಪೆನ್ಶನ್ ತೋಳಿಗೆ ಸೇರಿಸುವ ಫಲ್ಕ್ರಮ್ ಬೋಲ್ಟ್, ಆ ಬೋಲ್ಟ್ ಹಾಯುವ ಕೊಳವೆಯಾದ ಡಿಸ್ಟೆನ್ಸ್ ಟ್ಯೂಬ್, ಸೀಲ್ ಮತ್ತು ರಬ್ಬರ್ ಬುಷ್‌ಗಳು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಸೀಲ್, ಬೋಲ್ಟ್, ವಾಷರ್‌ಗಳ ಮಟ್ಟಿಗೆ ಕಿಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಿಂಗ್‌ಪಿನ್ ಭಾಗ ಮಾತ್ರ ರೀಮರ್ (ತೂತನ್ನು ಕರಾರುವಾಕ್ಕಾದ ಅಳತೆಗೆ ಹೆರೆಯುವ ಉಪಕರಣ) ಮತ್ತು ಅದನ್ನು ಹಿಡಿಯುವ ಕೈ ಎರಡೂ ಇದ್ದವರಿಗೆ.

ಕಾರಣ ಇದು. ಬುಷ್‌ಗಳು ಬರುವುದು ರೀಮ್ ಆಗದೆ. ಅವನ್ನು ಸ್ಟಬ್ ಆಕ್ಸಲ್‌ಗೆ (ಚಕ್ರದ ಹಬ್ ಕೂರುವ, ಕಿಂಗ್‌ಪಿನ್ ಮೇಲೆ ತಿರುಗುವ ಭಾಗ) ಒತ್ತಿ ಕೂರಿಸಿದ ಮೇಲೆ ಪಿನ್ ಅಳತೆಗೆ ರೀಮ್ ಮಾಡಬೇಕು. ಮೇಲಿನ ರಂಧ್ರ ಚಿಕ್ಕದು, ಕೆಳಗಿನದು ದೊಡ್ಡದು, ಆದರೆ ಎರಡೂ ಒಂದೇ ರೇಖೆಯಲ್ಲಿರಬೇಕು. ಅದಕ್ಕೆ ಪೈಲಟ್ (ರೀಮರನ್ನು ನೇರವಾಗಿ ಹಿಡಿಯುವ ಮುಂಭಾಗ) ಇರುವ ಉದ್ದನೆಯ ರೀಮರ್ ಬೇಕು. ಒಂದೊಂದನ್ನೂ ಬೇರೆಬೇರೆಯಾಗಿ ರೀಮ್ ಮಾಡಿದರೆ ರೇಖೆ ತಪ್ಪಿ ಪಿನ್ ಬಿಗಿಯುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಬುಷ್ ಒತ್ತುವಾಗ ಅದರ ತೂತು ಗ್ರೀಸ್ ಬರುವ ತೂತಿಗೆ ಸರಿಯಾಗಿ ಕೂರಬೇಕು. ಸ್ವಲ್ಪ ತಿರುಗಿ ಕೂತರೂ ಗ್ರೀಸ್ ತುಂಬುವ ನಿಪ್ಪಲ್‌ನಲ್ಲಿ ಎಷ್ಟು ಪಂಪ್ ಮಾಡಿದರೂ ಗ್ರೀಸ್ ಒಳಗೆ ಹೋಗದು, ಹೊಸ ಬುಷ್ ಬಹಳ ಬೇಗ ಸವೆಯುತ್ತದೆ.

ಆದ್ದರಿಂದ ಬಹುತೇಕರಿಗೆ ನಮ್ಮ ಸಲಹೆ ಎಕ್ಸ್‌ಚೇಂಜ್: ಹಳೆಯ ಸ್ಟಬ್ ಆಕ್ಸಲ್ ಕೊಟ್ಟು, ಬುಷ್ ಹಾಕಿ ರೀಮ್ ಮಾಡಿ ಕಿಂಗ್‌ಪಿನ್ ಸಮೇತ ಜೋಡಿಸಿದ್ದನ್ನು ತನ್ನಿ. ಬೆಲೆ ಹೆಚ್ಚು, ಆದರೆ ಈ ಕೆಲಸದಲ್ಲಿ ಹಣ ಹಾಕಬೇಕಾದ ಜಾಗವೇ ಅದು. ಲಾರಿ, ಟ್ರ್ಯಾಕ್ಟರ್ ಕಿಂಗ್‌ಪಿನ್ ಬುಷ್ ರೀಮ್ ಮಾಡುವ ಲೇತ್ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲೂ ಕೇಳಬಹುದು. ಕೆಲಸದ ತತ್ವ ಅದೇ, ಅಳತೆ ಬೇರೆ. ಎಲ್ಲೇ ಮಾಡಿಸಿದರೂ ಕೈಗೆ ಬಂದ ಕೂಡಲೇ ಪರೀಕ್ಷಿಸಿ. ಆಕ್ಸಲ್ ಪಿನ್ ಮೇಲೆ ಒಂದೇ ಸಮನೆ ನುಣ್ಣಗೆ ತಿರುಗಬೇಕು, ಮೇಲೆ ಕೆಳಗೆ ಎತ್ತಿದರೆ 0.002 ಇಂಚಿಗಿಂತ ಹೆಚ್ಚು ಆಡಬಾರದು. ಹೆಚ್ಚಿದ್ದರೆ ದಪ್ಪ ಥ್ರಸ್ಟ್ ವಾಷರ್, ಬಿಗಿಯಾಗಿದ್ದರೆ ತೆಳುವಾದದ್ದು ಹಾಕಬೇಕು. ಕಿಟ್‌ನಲ್ಲಿ ಒಂದೇ ದಪ್ಪದ ವಾಷರ್ ಇದ್ದರೆ ಅದು ದೊಡ್ಡ ಕೊರತೆ.

ಬಿಚ್ಚುವಾಗ ಕಾಡುವುದು ಕೆಳಗಿನ ಫಲ್ಕ್ರಮ್ ಬೋಲ್ಟ್. ಗ್ರೀಸ್ ಕಾಣದ ಕಾರಿನಲ್ಲಿ ಅದು ಟ್ಯೂಬಿನೊಳಗೆ ತುಕ್ಕು ಹಿಡಿದು ಒಂದೇ ತುಂಡಾಗಿರುತ್ತದೆ. ಸುತ್ತಿಗೆಯಲ್ಲಿ ಬಡಿದು ವಿಶ್‌ಬೋನ್ (ಚಕ್ರದ ಕಡೆಯನ್ನು ಕಾರಿಗೆ ಸೇರಿಸುವ ಕೆಳಗಿನ) ತೋಳು ಬಾಗಿಸಿಕೊಳ್ಳಬೇಡಿ. ಪಿನ್ನಿಗೂ ತೋಳಿಗೂ ನಡುವೆ ಎರಡೂ ಕಡೆ ಹ್ಯಾಕ್ಸಾ ಹಾಕಿ ಕತ್ತರಿಸಿ. ಹೇಗೂ ಪಿನ್, ಟ್ಯೂಬ್, ಬೋಲ್ಟ್ ಮೂರೂ ಹೊಸದು. ತೋಳಿನ ಹೊರತುದಿಯ ತೂತನ್ನೂ ನೋಡಿ. ಅದು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಬೋಲ್ಟ್ ಹಾಕಿದರೂ ಟಕ್ ಟಕ್ ಸದ್ದು ನಿಲ್ಲುವುದಿಲ್ಲ, ತೋಳೇ ಬದಲಾಗಬೇಕು. ಸಾಮಾನ್ಯ ಕಿಟ್‌ನಲ್ಲಿ ತೋಳುಗಳು ಇರುವುದಿಲ್ಲ.

ಸ್ಪ್ರಿಂಗ್ ವಿಷಯದಲ್ಲಿ ಅವಸರ ಸಲ್ಲದು. ಕಾರು ಗಟ್ಟಿ ಸ್ಟ್ಯಾಂಡಿನ ಮೇಲಿರಲಿ, ಸ್ಪ್ರಿಂಗ್ ಕೂರುವ ತಟ್ಟೆಯ (ಸ್ಪ್ರಿಂಗ್ ಪ್ಯಾನ್) ಕೆಳಗೆ ಟ್ರಾಲಿ ಜಾಕ್ ಇರಲಿ, ಸ್ಪ್ರಿಂಗಿಗೆ ಸರಪಳಿ ಸುತ್ತಿರಲಿ. ಆಮೇಲೆ ಮೇಲಿನ ಟ್ರನಿಯನ್ (ಕಿಂಗ್‌ಪಿನ್ನಿನ ಮೇಲ್ತುದಿಯ ಕೀಲು) ಬೋಲ್ಟ್ ತೆಗೆದು ಜಾಕನ್ನು ನಿಧಾನವಾಗಿ ಇಳಿಸಿ. ಬ್ರೇಕ್ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿಡಿ, ಹೋಸ್ ಮೇಲೆ ಭಾರ ಬೀಳಬಾರದು.

ವಿಶ್‌ಬೋನ್ ತೋಳಿನ ಒಳತುದಿಯ ಬುಷ್‌ಗಳಿಗೆ ನಮ್ಮ ಆಯ್ಕೆ ಎಂಜಿಬಿ ಜಿಟಿ ವಿ8 ಕಾರಿನದ್ದು, ನಡುವೆ ಉಕ್ಕಿನ ಕೊಳವೆ ಇರುವ ರಬ್ಬರ್ ಬುಷ್. ಎರಡು ತುಂಡಿನ ಮೂಲ ರಬ್ಬರಿಗಿಂತ ಬಹಳ ಬಾಳಿಕೆ ಬರುತ್ತದೆ, ಸವಾರಿಯ ಮೃದುತ್ವವೂ ಕೆಡುವುದಿಲ್ಲ. ಪಾಲಿಯುರೆಥೇನ್ ಬುಷ್ ಕೈಯಲ್ಲೇ ಕೂರುತ್ತದೆ ನಿಜ, ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ವಿ8 ಬುಷ್ ಒತ್ತಲು ಸೋಪುನೀರು ಮತ್ತು ಒಳ್ಳೆಯ ವೈಸ್ ಸಾಕು, ಎರಡೂ ಬದಿ ಸಮವಾಗಿ ಹೊರಗೆ ಕಾಣಬೇಕು. ನಟ್‌ಗಳ ಕೊನೆಯ ಬಿಗಿತ ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆ. ತೋಳು ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಿಟ್‌ನಲ್ಲಿ ಇಲ್ಲದ ಇನ್ನೊಂದು ದುಬಾರಿ ವಸ್ತು ಆರ್ಮ್‌ಸ್ಟ್ರಾಂಗ್ ಲಿವರ್ ಡ್ಯಾಂಪರ್, ಅಂದರೆ ತೋಳಿರುವ ಹಳೆ ಮಾದರಿಯ ಶಾಕ್ ಅಬ್ಸಾರ್ಬರ್. ಈ ಕಾರಿನಲ್ಲಿ ಅದರ ತೋಳೇ ಮೇಲಿನ ಲಿಂಕ್ ಆದ್ದರಿಂದ ಡ್ಯಾಂಪರಿನ ಶಾಫ್ಟ್ ಸಡಿಲವಾದರೆ ಚಕ್ರವೇ ವಾಲುತ್ತದೆ. ತೋಳನ್ನು ಮೇಲಿಂದ ಕೆಳಗೆ ಪೂರ್ತಿ ಎಳೆದು ನೋಡಿ. ನಡುವೆ ಎಲ್ಲಾದರೂ ಹಿಡಿತವಿಲ್ಲದೆ ಸರಿದರೆ ಮೊದಲು ಎಣ್ಣೆ ತುಂಬಿಸಿ, ನೆಟ್ಟಗೆ ಇಟ್ಟು ಹಲವು ಸಲ ಆಡಿಸಿ. ಆಮೇಲೂ ಹಾಗೇ ಇದ್ದರೆ ಅಥವಾ ಶಾಫ್ಟ್ ಬಳಿ ಎಣ್ಣೆ ಒಸರಿದರೆ ರಿಪೇರಿಗೆ ಕೊಡಿ. ಬರೀ ಹೊಸ ಬಣ್ಣ ಹೊಡೆದದ್ದಲ್ಲ, ಶಾಫ್ಟ್ ಬುಷ್ ಮತ್ತು ಸೀಲ್ ಬದಲಿಸಿದ್ದೇ ಬೇಕೆಂದು ಕೇಳಿ ತಗೊಳ್ಳಿ.

ಹಬ್ ಬೇರಿಂಗ್‌ಗಳ ನಡುವಿನ ಸ್ಪೇಸರ್, ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಸ್ಟಬ್ ಆಕ್ಸಲ್‌ಗೆ ಬಲ ಕೊಡುವುದು ಅವೇ. ಶಿಮ್ ಸೇರಿಸಿ ಕಳೆದು 0.002ರಿಂದ 0.004 ಇಂಚು ಪ್ಲೇ (ಆಡುವ ಸಡಿಲ) ಬರುವಂತೆ ಹೊಂದಿಸಿ. ನಟ್ ಬಿಗಿತ 40ರಿಂದ 70 ಪೌಂಡ್-ಅಡಿ, ಸ್ಪ್ಲಿಟ್ ಪಿನ್ ತೂತು ಸರಿಹೊಂದುವಲ್ಲಿ ನಿಲ್ಲಿಸಿ.

ಕಿಟ್ ನಿಜವಾಗಿ ಬೇಕೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಬೇರಿಂಗ್‌ನದ್ದು, ನಿಲ್ಲದಿದ್ದರೆ ಕಿಂಗ್‌ಪಿನ್ ಕಡೆಯದ್ದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಅಲ್ಲಿರುವ ಕನ್ನಡಿಗರು ಇದನ್ನು ತಾವೇ ನೋಡಿಕೊಳ್ಳಬೇಕು.

ಜೋಡಣೆ ಮುಗಿದ ಮೇಲೆ ಟೋ-ಇನ್ (ಮುಂದಿನ ಚಕ್ರಗಳ ಮುಂತುದಿ ತುಸು ಒಳಮುಖವಾಗಿರುವ ಅಳತೆ) 1/16ರಿಂದ 3/32 ಇಂಚಿಗೆ ಹೊಂದಿಸಿ. ಕ್ಯಾಂಬರ್ (ಚಕ್ರ ಒಳಕ್ಕೆ ಹೊರಕ್ಕೆ ವಾಲುವ ಕೋನ), ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದೆ ಮುಂದೆ ವಾಲುವ ಕೋನ) ಹೊಂದಿಸುವ ಏರ್ಪಾಡು ಈ ಕಾರಿನಲ್ಲಿ ಇಲ್ಲ. ಎರಡೂ ಕಡೆ ಸೇರಿ 6 ಗ್ರೀಸ್ ನಿಪ್ಪಲ್‌ಗಳಿವೆ. 3,000 ಮೈಲಿಗೊಮ್ಮೆ, ಚಕ್ರಗಳು ನೆಲ ಬಿಟ್ಟಿರುವಾಗಲೇ, ಹಳೆಯ ಗ್ರೀಸ್ ಹೊರಬರುವವರೆಗೆ ಪಂಪ್ ಮಾಡಿ.